ಮಾಳಿಗೆಗೆ ಹಾಕುವ ಮಣ್ಣು, ಹೊಟ್ಟೆಗೆ ಹಾಕುವ ಮಣ್ಣು

ಸ್ವಲ್ಪ ತಾಳಿ. ಪ್ರಕೃತಿ ಚಿಕಿತ್ಸೆ ಎಂದ ಕೂಡಲೇ ನಿಮ್ಮಲ್ಲಿ ಅರ್ಧ ಜನ ನಗುತ್ತೀರಿ, ಇನ್ನರ್ಧ ಜನ ಕೈ ಮುಗಿಯುತ್ತೀರಿ. ಎರಡನ್ನೂ ಈಗಲೇ ಮಾಡಬೇಡಿ. ಹಿಂದೂಪುರದ ನಮ್ಮ ದೊಡ್ಡಮ್ಮನ ಮಾಳಿಗೆ ಸೋರುವವರೆಗೆ ಕಾಯಿರಿ. ಅದು ಸೋರಿದ ಮೇಲೆ ನಗುವವರು ನಗಬಹುದು, ಮುಗಿಯುವವರು ಮುಗಿಯಬಹುದು. ನಾನಂತೂ ಎರಡೂ ಕಡೆಯವರ ಜೊತೆ ಜಗಳಕ್ಕೆ ಸಿದ್ಧಳಾಗಿಯೇ ಟೈಪ್‌ರೈಟರ್ ಮುಂದೆ ಕೂತಿದ್ದೇನೆ.

ಇದೆಲ್ಲ ನೆನಪಾದದ್ದು ಹುಣಸೆಹಣ್ಣಿನಿಂದ. ಹೋದ ವಾರ ದೊಡ್ಡಮ್ಮನ ಮನೆಯಲ್ಲಿ ಸಾರಿಗೆ ಹಾಕಲು ಹುಣಸೆಹಣ್ಣು ಎಲ್ಲಿದೆ ಎಂದು ಕೇಳಿದೆ. "ತೊಟ್ಟೀಲೈತೆ ತಗಳೇ" ಎಂದರು. ಹಿತ್ತಲ ಕೋಣೆಗೆ ಹೋಗಿ ನೋಡಿದರೆ ನನ್ನ ತೊಟ್ಟಿ. ಒಂದು ಕಾಲದಲ್ಲಿ ನಾನು ಕೂತು ಎದ್ದ ತೊಟ್ಟಿಯಲ್ಲಿ ವರ್ಷದ ಹುಣಸೆಹಣ್ಣನ್ನು ಉಪ್ಪು ಬೆರೆಸಿ ಒತ್ತಿಟ್ಟಿದ್ದಾರೆ. ಬಂದ ನೆಂಟರೆಲ್ಲ ಆ ಸಾರನ್ನು ಎರಡು ಸಲ ಹಾಕಿಸಿಕೊಳ್ಳುತ್ತಾರೆ. ಅವರಿಗೆ ವಿಷಯ ಗೊತ್ತಿಲ್ಲ. ಗೊತ್ತಿಲ್ಲದೆ ರುಚಿ ನೋಡುವುದೇ ಸರಿಯಾದ ಪರೀಕ್ಷೆ ಎಂದು ನಾನೂ ಬಾಯಿ ಬಿಟ್ಟಿಲ್ಲ.

ಆ ತೊಟ್ಟಿ ಸಾಮಾನ್ಯ ತೊಟ್ಟಿಯಲ್ಲ, ಸೊಂಟಸ್ನಾನದ್ದು. ಕುರ್ಚಿಯ ಹಾಗೆ ಬೆನ್ನಿಗೆ ಒರಗು ಇರುತ್ತದೆ. ಸೊಂಟ ಮಾತ್ರ ತಣ್ಣೀರಲ್ಲಿ ಮುಳುಗಬೇಕು, ಕಾಲು ಹೊರಗಿರಬೇಕು. ಹಿಂದೂಪುರದ ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಒಂದು ತೆಲುಗು ಪುಸ್ತಿಕೆಯಲ್ಲಿ ಅದರ ಚಿತ್ರವಿತ್ತು. ರಟ್ಟು ಹರಿದಿದ್ದರಿಂದ ಬರೆದವರು ಯಾರೆಂದು ನನಗೆ ಇವತ್ತಿಗೂ ತಿಳಿಯದು. ಆ ಚಿತ್ರ ತೋರಿಸಿ ತಗಡಿನ ಕೆಲಸದವನ ಹತ್ತಿರ ಮಾಡಿಸಿದೆ. ಅವನು ತಗಡು ಬಗ್ಗಿಸುತ್ತಾ ಕೇಳಿದ: "ಇದು ಯಾವ ದನಕ್ಕಮ್ಮ? ಮುಂಗಾಲು ಎಲ್ಲಿಡ್ತದೆ?"

ಹಿಂದೂಪುರದ ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ನಾನು ಓದಿದ್ದು ಬಿ.ಕಾಂ. ದೇಹದ ಬಗ್ಗೆ ಕಲಿತದ್ದೆಲ್ಲ ಆ ಪುಸ್ತಿಕೆಯಿಂದ, ಮತ್ತು ನನ್ನ ಮೇಲೆ ನಾನೇ ಮಾಡಿಕೊಂಡ ಪ್ರಯೋಗಗಳಿಂದ. ರಜೆಗೆ ನಮ್ಮೂರು ಕಲ್ಯಾಣದುರ್ಗಕ್ಕೆ ಹೋದರೆ ತೊಟ್ಟಿಯೂ ಬಸ್ಸಿನ ಮೇಲೆ ಬರುತ್ತಿತ್ತು. ಅಲ್ಲಿ ಬೋರಿಂಗ್ ಮುಂದೆ ಕೊಡಗಳು ಸಾಲಾಗಿ ನಿಂತು ಜಗಳವಾಡುವ ಕಾಲ. ನಾನು ಎರಡು ಕೊಡ ಜಾಸ್ತಿ ತುಂಬಿಕೊಂಡು ಹೊರಟರೆ ಹಿಂದಿನಿಂದ ಮಾತು ಬರುತ್ತಿತ್ತು: "ನಮಗೆ ಕುಡಿಯಾಕೆ ನೀರಿಲ್ಲ, ಇವಳು ಕುಂತ್ಕಳಾಕೆ ಹೊತ್ಕಂಡು ಹೋಯ್ತಾಳೆ ನೋಡಿ." ಮನೆಗೆ ಬಂದರೆ ಅಮ್ಮ. "ಗಂಡಿನ ಕಡೆಯೋರು ಬಂದಾಗಾದ್ರೂ ಆ ತೊಟ್ಟಿಯಿಂದ ಎದ್ದು ಬಾರೆ ತಾಯಿ." ನಾನು ಏಳಲಿಲ್ಲ. ಆ ಗಂಡು ಬೇರೆ ಮನೆ ನೋಡಿಕೊಂಡ. ಅದೂ ಈ ಚಿಕಿತ್ಸೆಯ ಲಾಭವೆಂದೇ ನಾನು ಎಣಿಸುತ್ತೇನೆ.

ನನಗೆ ಅರೆತಲೆನೋವು ಇತ್ತು. ಸೊಂಟಸ್ನಾನ, ಹೊಟ್ಟೆಗೆ ಒದ್ದೆಪಟ್ಟಿ, ಬೆಳಗಿನ ನಡಿಗೆ ಎಲ್ಲ ಮಾಡಿದೆ, ಕಡಿಮೆಯಾಯಿತು. ಇದನ್ನು ಊರೆಲ್ಲ ಹೇಳಿಕೊಂಡು ತಿರುಗಿದೆ. ಆದರೆ ಅದೇ ತಿಂಗಳು ಕಾಫಿಯನ್ನೂ ಬಿಟ್ಟಿದ್ದೆ, ಪರೀಕ್ಷೆಯೂ ಮುಗಿದಿತ್ತು. ತಲೆನೋವು ತೆಗೆದದ್ದು ತೊಟ್ಟಿಯೋ, ಕಾಫಿಯೋ, ಪರೀಕ್ಷೆಯೋ? ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ಹೇಳಿದರೆ ನಮ್ಮ ಕಡೆಯವರಿಗೆ ಸಿಟ್ಟು ಬರುತ್ತದೆ, ಆ ಕಡೆಯವರಿಗೆ ಖುಷಿಯಾಗುತ್ತದೆ. ಎರಡೂ ನನಗೆ ಬೇಕಿಲ್ಲ. ಗೊತ್ತಿಲ್ಲ ಎಂದರೆ ಗೊತ್ತಿಲ್ಲ, ಅಷ್ಟೇ.

ಈಗ ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ಓಬಳಪ್ಪ ಮೇಷ್ಟ್ರು ಕಲ್ಯಾಣದುರ್ಗದಲ್ಲಿ ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದವರು. ಹಿತ್ತಲಲ್ಲಿ ಎರಡು ಚಪ್ಪರ ಹಾಕಿ ಪ್ರಕೃತಿ ಚಿಕಿತ್ಸೆ ಮಾಡುತ್ತಿದ್ದರು. ಕಂಬದೂರು, ಸೆಟ್ಟೂರು ಕಡೆಯಿಂದೆಲ್ಲ ಜನ ಬರುತ್ತಿದ್ದರು. ಅವರು ಯಾರ ಕಾಸನ್ನೂ ಮುಟ್ಟುತ್ತಿರಲಿಲ್ಲ. ರೋಗಿಗೂ ಡ್ರಿಲ್ ಕ್ಲಾಸಿನ ಧ್ವನಿಯಲ್ಲೇ ಹೇಳುತ್ತಿದ್ದರು: "ಉಸ್ರು ಒಳಕ್ಕೆ. ನಿಲ್ಲು. ಈಚೆಗೆ." ಬೀಡಿ ಬಿಡಿಸುತ್ತಿದ್ದರು, ನಡೆಸುತ್ತಿದ್ದರು, ರಾತ್ರಿ ಊಟ ಹಗುರ ಮಾಡಿಸುತ್ತಿದ್ದರು. ಬಂದವರ ಪಕ್ಕ ಚಾಪೆ ಹಾಕಿಕೊಂಡು ಕೂತು ಪೂರಾ ಕಥೆ ಕೇಳುತ್ತಿದ್ದರು. ನಗುವವರು ಇದನ್ನು ಸ್ವಲ್ಪ ಗಮನಿಸಿ. ಅವರ ಕೈಯಿಂದಲೇ ನಾನು ಪಟ್ಟಿ ಕಟ್ಟುವುದನ್ನು, ಮಣ್ಣು ಹದ ಮಾಡುವುದನ್ನು ಕಲಿತದ್ದು.

ಅವರಿಗಿದ್ದ ಒಂದೇ ಜಂಬವೆಂದರೆ ಕಲ್ಯಾಣದುರ್ಗದ ಕೆರೆ ಮಣ್ಣು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಆಳದಿಂದ ತೆಗೆಸಿ, ಬಿಸಿಲಿಗೆ ಹಾಕಿ, ಜರಡಿ ಹಿಡಿದು, ಗೋಣಿಚೀಲದಲ್ಲಿ ತುಂಬಿ, ನೀಲಿ ದಾರದಿಂದ ಬಾಯಿ ಕಟ್ಟುತ್ತಿದ್ದರು. "ಈ ಮಣ್ಣಿಗಿರೋ ಎಳೆತ ಇನ್ನ್ಯಾವ ಮಣ್ಣಿಗೂ ಇಲ್ಲ ಕಣಮ್ಮ. ಹೊಟ್ಟೆ ಮ್ಯಾಲೆ ಹಾಕಿದ್ರೆ ಒಳಗಿನ ವಿಷಾನ ಹಗ್ಗ ಕಟ್ಟಿ ಎಳೆದಂಗೆ ಎಳೀತದೆ" ಎನ್ನುತ್ತಿದ್ದರು.

ನಮ್ಮ ದೊಡ್ಡಮ್ಮ ಶಿವಮ್ಮನಿಗೆ ಸಕ್ಕರೆ ಕಾಯಿಲೆ. ಹಿಂದೂಪುರದಲ್ಲಿ ದೊಡ್ಡಪ್ಪನಿಗೆ ಹುಣಸೆಹಣ್ಣು, ಬೆಲ್ಲದ ಮಂಡಿ. ಬೆಲ್ಲದ ಮಂಡಿಯವರ ಹೆಂಡತಿಗೆ ಸಕ್ಕರೆ ಕಾಯಿಲೆ ಬಂದರೆ ಬೀದಿಯವರು ಬಿಡುತ್ತಾರೆಯೇ? ಅದಕ್ಕಿಂತ ದೊಡ್ಡಮ್ಮನಿಗೆ ಬೇಸರವಾದದ್ದು ಡಾಕ್ಟರ ಮೇಲೆ. "ಅವ್ರು ನನ್ನ ಮಖ ನೋಡಿದ್ರೆ ತಾನೆ? ಚೀಟಿ ನೋಡ್ತಾರೆ, ಚೀಟಿ ಜೊತೇಲಿ ಮಾತಾಡ್ತಾರೆ. ನಾನ್ಯಾಕೆ ಹೋಗ್ಬೇಕು, ಚೀಟಿ ಕಳಿಸಿದ್ರೆ ಸಾಲ್ದಾ?" ಮಾತ್ರೆಯ ಬಾಟಲಿ ನೋಡಿದರೇ ಅವರಿಗೆ ಮುಖ ಗಂಟಾಗುತ್ತಿತ್ತು. ಆಗ ನಾನೇ ಹೇಳಿದೆ: ಮೇಷ್ಟ್ರನ್ನು ಕರೆಸೋಣ, ನಡಿಗೆ, ಊಟ ಎಲ್ಲ ಸರಿ ಮಾಡುತ್ತಾರೆ, ಜೊತೆಗೆ ಮಾತ್ರೆಯೂ ನಡೆಯಲಿ.

ಮೇಷ್ಟ್ರು ನೀಲಿ ದಾರದ ಚೀಲದ ಸಮೇತ ಬಸ್ಸಿಳಿದರು. ಕಂಡಕ್ಟರ್ ಮಣ್ಣಿಗೆ ಲಗೇಜು ಚೀಟಿ ಹರಿದಿದ್ದನಂತೆ. "ಇದು ಔಷಧಿನಪ್ಪಾ" ಎಂದರೆ, "ಔಷಧಿ ಜೇಬಲ್ಲಿ ಬರ್ತದೆ ಸಾರ್, ಟಾಪ್ ಮೇಲಲ್ಲ" ಎಂದನಂತೆ.

ದೊಡ್ಡಮ್ಮನನ್ನು ಕೂರಿಸಿಕೊಂಡು ಮೇಷ್ಟ್ರು ಹುಟ್ಟಿದಾಗಿನಿಂದ ಏನೇನು ತಿಂದಿರಿ ಎಂದು ಕೇಳತೊಡಗಿದರು. ದೊಡ್ಡಪ್ಪ ಬಾಗಿಲಲ್ಲೇ ನಿಂತು, "ಅದನ್ನ ಹೇಳಾಕೆ ಒಂದು ದಿನ ಸಾಲಾಕಿಲ್ಲ ಮೇಷ್ಟ್ರೇ, ಹಾಸಿಗೆ ಹಾಕಿಸ್ತೀನಿ, ಉಳ್ಕಳಿ" ಎಂದರು. ಮೇಷ್ಟ್ರು ನಿಜವಾಗಿಯೂ ಉಳಿದುಕೊಂಡರು. ಆದರೆ ಉಳಿದವರು ಮೊದಲು ಮಾಡಿದ ಕೆಲಸ ನನಗೆ ಹಿಡಿಸಲಿಲ್ಲ. ಮಾತ್ರೆಯ ಬಾಟಲಿಯನ್ನು ದೇವರ ಗೂಡಿನಿಂದ ತೆಗೆಸಿದರು.

"ಅಮ್ಮಾ, ನೀವು ಮನೆ ಗುಡಿಸ್ತಾ ಇದ್ದೀರ. ಇನ್ನೊಬ್ಬ ಬಂದು ಕಸ ಸುರೀತಾ ಇದ್ದಾನೆ. ಗುಡಿಸಿ ಮುಗೀತದಾ? ಮಾತ್ರೆ ಬುಟ್ಬುಡಿ."

"ಮೇಷ್ಟ್ರೇ" ಎಂದೆ, "ಮಣ್ಣು ಹಾಕಿ, ನಡೆಸಿ, ಅನ್ನ ಕಮ್ಮಿ ಮಾಡ್ಸಿ. ಮಾತ್ರೆ ಮಾತ್ರ ಮುಟ್ಬೇಡಿ. ಬಿಡಾಕೆ ಹೇಳೋದಾದ್ರೆ ಕೊಟ್ಟೋರು ಹೇಳ್ಲಿ."

"ನನ್ನ ಕೈಲಿ ಪಟ್ಟಿ ಕಟ್ಟೋದು ಕಲ್ತೋಳು ನೀನು. ನೀನಾ ಈ ಮಾತಾಡೋದು?"

"ಕಲ್ತಿದ್ದೀನಿ, ಅದಕ್ಕೇ ಮಾತಾಡ್ತೀನಿ. ಕಲೀದೇ ಇದ್ರೆ ಸುಮ್ಕಿರ್ತಿದ್ದೆ."

ದೊಡ್ಡಮ್ಮ ಬಾಟಲಿಯನ್ನು ನನ್ನ ಕೈಗೆ ತುರುಕಿ, "ನೀನೇ ಇಟ್ಕಳೇ ಇದನ್ನ. ಒಬ್ಬರು ನನ್ನ ಮಾತು ಕೇಳಿಸ್ಕತಾ ಅವ್ರೆ, ಅಡ್ಡ ಬರಬೇಡ" ಎಂದುಬಿಟ್ಟರು. ಆ ಮಾತಿಗೆ ನನ್ನ ಪುಸ್ತಿಕೆಯಲ್ಲೂ ಉತ್ತರವಿರಲಿಲ್ಲ. ಡಾಕ್ಟರ ಚೀಟಿಯಲ್ಲೂ ಇರಲಿಲ್ಲ.

ಇಲ್ಲಿ ನಮ್ಮ ಕಡೆಯ ಮನೆಗಳ ಬಗ್ಗೆ ಒಂದು ಮಾತು ಹೇಳಬೇಕು. ಹಳೆಯ ಮನೆಗಳಿಗೆ ಹೆಂಚಿಲ್ಲ, ಮಟ್ಟಸವಾದ ಮಣ್ಣಿನ ಮಾಳಿಗೆ. ತೊಲೆ, ಅದರ ಮೇಲೆ ಸೀಳು ಕಟ್ಟಿಗೆ, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಮೇಲೆ ಚೌಳು ಮಣ್ಣು ಹರಡಬೇಕು. ಚೌಳು ಎಂದರೆ ಪೈರು ಬೆಳೆಯದ ಉಪ್ಪು ನೆಲದ ಮಣ್ಣು, ಅಗಸರು ಬಟ್ಟೆಯ ಕೊಳೆ ತೆಗೆಯಲು ಬಳಸುತ್ತಿದ್ದದ್ದು. ಮಳೆ ಬಿದ್ದರೆ ಅದು ಮೆತ್ತಗೆ ಕೂತು ಸಂದು ಮುಚ್ಚಿ ನೀರನ್ನು ಕೆಳಗಿಳಿಯಲು ಬಿಡುವುದಿಲ್ಲ. ಆ ವಾರ ದೊಡ್ಡಪ್ಪನೂ ಊರಾಚೆಯಿಂದ ಒಂದು ಗೋಣಿ ಚೌಳು ತರಿಸಿ ಮೆಟ್ಟಿಲ ಕೆಳಗೆ ಇಟ್ಟಿದ್ದರು, ಮೇಷ್ಟ್ರ ಗೋಣಿಯ ಪಕ್ಕದಲ್ಲೇ. ಒಣಗಿದ ಮೇಲೆ ಎರಡೂ ಬೂದಿ ಬಣ್ಣ. ಗೋಣಿಯೂ ಎರಡೂ ಒಂದೇ ಥರದವು, ಮೆಟ್ಟಿಲ ಕೆಳಗೆ ಕತ್ತಲು ಬೇರೆ. ಮಾರನೆಯ ದಿನವೇ ದೊಡ್ಡಪ್ಪ ತಾವೇ ನಿಂತು ಮಾಳಿಗೆಗೆ ಮಣ್ಣು ಹರಡಿ ಮುಗಿಸಿದರು.

ಮೇಷ್ಟ್ರು ಮಣ್ಣಿಗೆ ಬೇರೆಯವರ ಕೈ ತಾಕಿಸುತ್ತಿರಲಿಲ್ಲ. ತಾವೇ ಬಾಂಡ್ಲಿಯಲ್ಲಿ ನೆನೆಸಿ, ಕಲಸಿ, ಬಟ್ಟೆಯಲ್ಲಿ ಹರಡಿ, ದಿನಾ ಬೆಳಗ್ಗೆ ದೊಡ್ಡಮ್ಮನ ಹೊಟ್ಟೆಯ ಮೇಲೆ ಇಡುತ್ತಿದ್ದರು. ಮಣ್ಣು ಸ್ವಲ್ಪ ಜಾರುತ್ತದಲ್ಲ ಎಂದು ಅವರಿಗೇ ಅನಿಸಿತು. "ನಮ್ಮೂರ ಮಣ್ಣು ಹಿಂದೂಪುರದ ನೀರಿಗೆ ಸೇರಿದ್ರೆ ಹಿಂಗೇ" ಎಂದು ತಾವೇ ಸಮಾಧಾನ ಹೇಳಿಕೊಂಡರು.

ಕೆಲವೇ ದಿನಕ್ಕೆ ದೊಡ್ಡಮ್ಮನ ಹೊಟ್ಟೆಯ ಮೇಲೆ ಕೆಂಪು ಗುಳ್ಳೆ ಎದ್ದವು, ನವೆ ಶುರುವಾಯಿತು, ಒಂದೆರಡು ಕಡೆ ಚರ್ಮ ಬಿರಿಯಿತು. ನನಗೆ ಭಯವಾಯಿತು. ಸಕ್ಕರೆ ಇರುವವರಿಗೆ ಗಾಯ ಬೇಗ ಮಾಗುವುದಿಲ್ಲವೆಂದು ಕಾಂಪೌಂಡರ್ ಹೇಳಿದ್ದು ನೆನಪಿತ್ತು. ಮೇಷ್ಟ್ರ ಮುಖವಾದರೋ ಅರಳಿತು.

"ಚೂಡು ಚೂಡು, ನೋಡಮ್ಮ. ವಿಷ ಈಚೆಗೆ ಬತ್ತೈತೆ. ಏಂ ಪರವಾಲೇದು. ಇನ್ನೂ ಬರ್ಲಿ."

ಅದು ಸಕ್ಕರೆ ನೋಡಲು ಮೂತ್ರ ಕುದಿಸುತ್ತಿದ್ದ ಕಾಲ. ಔಷಧಿ ಅಂಗಡಿಯಲ್ಲಿ ಒಂದು ನೀಲಿ ದ್ರವ ಸಿಗುತ್ತಿತ್ತು. ಗಾಜಿನ ನಳಿಗೆಯಲ್ಲಿ ಅದನ್ನು ಹಾಕಿ, ಮೂತ್ರದ ಕೆಲವು ಹನಿ ಬಿಟ್ಟು ಕಾಯಿಸಿದರೆ ಬಣ್ಣ ತಿರುಗುತ್ತಿತ್ತು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ, ಹಸಿರಾದರೆ ಸ್ವಲ್ಪ, ಹಳದಿಯಾದರೆ ಇನ್ನಷ್ಟು, ಇಟ್ಟಿಗೆ ಕೆಂಪಾದರೆ ವಿಪರೀತ. ಮಾತ್ರೆ ನುಂಗುತ್ತಿದ್ದಾಗ ದೊಡ್ಡಮ್ಮನದು ಹಸಿರಿಗೆ ನಿಲ್ಲುತ್ತಿತ್ತು. ನಾನು ಹಿತ್ತಲಲ್ಲಿ ಸ್ಪಿರಿಟ್ ದೀಪ ಹಚ್ಚಿ ಕಾಯಿಸಿದೆ. ಹಸಿರನ್ನು ದಾಟಿ, ಹಳದಿಯನ್ನು ದಾಟಿ, ಇಟ್ಟಿಗೆಯ ಹಾಗೆ ಕೆಂಪಾಯಿತು. ಮೇಷ್ಟ್ರ ಮುಂದೆ ಹಿಡಿದೆ.

"ಸಕ್ಕರೆ ಒಳಗಿಂದ ಈಚೆಗೆ ಹೋಯ್ತೈತೆ ಕಣಮ್ಮ. ಈಚೆಗೆ ಹೋಗೋದು ಒಳ್ಳೇದೇ ಅಲ್ವಾ?"

"ನೀಲಿ ಬಂದಿದ್ರೆ ಏನಂತಿದ್ರಿ?"

"ಪೂರಾ ಖಾಲಿ ಆಯ್ತು, ವಾಸಿ ಅಂತಿದ್ದೆ."

"ಕೆಂಪಾದ್ರೂ ನೀವೇ ಗೆದ್ರಿ, ನೀಲಿಯಾದ್ರೂ ನೀವೇ ಗೆದ್ರಿ. ಯಾವ ಬಣ್ಣ ಬಂದ್ರೆ ಸೋತೆ ಅಂತೀರಿ ಮೇಷ್ಟ್ರೇ?"

ದೊಡ್ಡಪ್ಪ ಹಿಂದಿನಿಂದ ನಕ್ಕರು. "ಇದು ನಮ್ಮ ಮಂಡಿ ದಲ್ಲಾಳಿ ವ್ಯಾಪಾರ ಆಯ್ತಲ್ಲ. ಬೆಲೆ ಏರಿದ್ರೂ ಅವನಿಗೆ ಬತ್ತದೆ, ಇಳಿದ್ರೂ ಬತ್ತದೆ."

ನನಗೆ ನಗು ಬರಲಿಲ್ಲ. ದೊಡ್ಡಮ್ಮ ಚೊಂಬಿನ ಮೇಲೆ ಚೊಂಬು ನೀರು ಕುಡಿಯುತ್ತಿದ್ದರು, ಹಿತ್ತಲಿಗೆ ಎದ್ದೆದ್ದು ಹೋಗುತ್ತಿದ್ದರು. ಶಿವಪೂಜೆಗೆ ಕೂತರೆ ಏಳಲು ಗೋಡೆ ಹಿಡಿಯುತ್ತಿದ್ದರು. ನಾನು ಬಾಟಲಿ ಹಿಡಿದು ದಿನಾ ಹಿಂದೆ ಬಿದ್ದೆ. "ಸುಮ್ಕಿರೇ. ಅಷ್ಟು ದೂರದಿಂದ ಬಂದವ್ರೆ. ಈಚೆಗೆ ಬಂದ್ರೆ ಬರ್ಲಿ" ಎಂದೇ ಹೇಳುತ್ತಿದ್ದರು. ಅವರ ದನಿ ಮಾತ್ರ ದಿನಕ್ಕಿಷ್ಟು ತೆಳ್ಳಗಾಗುತ್ತಿತ್ತು.

ಆಮೇಲೆ ಮಳೆ ಬಂತು. ನಮ್ಮ ಸೀಮೆಯಲ್ಲಿ ಬೆಳಗ್ಗೆ ಹತ್ತರ ಹೊತ್ತಿಗೆ ಮಳೆ ಬಂದರೆ ಜನ ಬಾಗಿಲಿಗೆ ಬಂದು ನಿಂತು ನೋಡುತ್ತಾರೆ. ನಾವೂ ನಿಂತಿದ್ದೆವು. ದೊಡ್ಡಮ್ಮ ನಡುಮನೆಯಲ್ಲಿ ಹೊಟ್ಟೆಯ ಮೇಲೆ ಮಣ್ಣು ಹೊತ್ತು ಮಲಗಿದ್ದರು, ಪಕ್ಕದಲ್ಲಿ ಮೇಷ್ಟ್ರು. ಒಳಗಿನಿಂದ ದೊಡ್ಡಮ್ಮನ ದನಿ: "ಏ, ಯಾರೋ ನನ್ನ ಹಣೆ ಮ್ಯಾಲೆ ನೀರು ಹಾಕ್ತಾವ್ರೆ. ಇದೂ ಚಿಕಿತ್ಸೇನಾ ಮೇಷ್ಟ್ರೇ?"

ಮೇಲೆ ನೋಡಿದರೆ ತೊಲೆಯ ಸಂದಿನಿಂದ ಹನಿ. ಇನ್ನೊಂದು ಕಡೆ ಇನ್ನೊಂದು. ಸ್ವಲ್ಪ ಹೊತ್ತಿಗೆ ನಡುಮನೆಯ ತುಂಬ ಕೆಸರು ನೀರು. ನನ್ನ ತೊಟ್ಟಿಯನ್ನು ತಂದು ಕೆಳಗಿಟ್ಟೆ. ದೊಡ್ಡಪ್ಪ ಗೋಣಿಚೀಲವನ್ನು ತಲೆಗೆ ಹಾಕಿಕೊಂಡು ಮಾಳಿಗೆ ಹತ್ತಿದರು. ಇಳಿದು ಬಂದಾಗ ಮೊಣಕಾಲವರೆಗೆ ಕೆಸರು.

"ಮಣ್ಣು ಬಿರುಕು ಬಿಟ್ಟು ಬಾಯಿ ತಕ್ಕಂಡೈತೆ. ಚೌಳು ಹಂಗೆ ಬಿರಿಯಾಕಿಲ್ಲ. ಈ ಸಲ ನಾನೇ ನಿಂತು ಹರಡಿದ್ನಲ್ಲ. ಎಷ್ಟು ನೈಸಾಗಿತ್ತು, ಜರಡಿ ಹಿಡ್ದಂಗೆ."

ಜರಡಿ ಎಂಬ ಮಾತು ಕೇಳಿ ಮೇಷ್ಟ್ರು ತಲೆ ಎತ್ತಿದರು. ನಾನು ದೊಡ್ಡಪ್ಪನ ತಲೆಯ ಮೇಲಿದ್ದ ಗೋಣಿಚೀಲ ನೋಡಿದೆ. ಖಾಲಿಯಾದ ಮೇಲೆ ಮಾಳಿಗೆಯಲ್ಲೇ ಬಿಟ್ಟಿದ್ದ ಚೀಲ ಅದು. ಅದರ ಬಾಯಿಗೆ ನೀಲಿ ದಾರ ಇನ್ನೂ ನೇತಾಡುತ್ತಿತ್ತು.

ಎಲ್ಲರೂ ಮಾಳಿಗೆ ನೋಡಿದೆವು, ಆಮೇಲೆ ದೊಡ್ಡಮ್ಮನ ಹೊಟ್ಟೆ ನೋಡಿದೆವು.

"ಹಂಗಾದ್ರೆ" ಎಂದರು ದೊಡ್ಡಪ್ಪ ಮೆಲ್ಲಗೆ, "ನನ್ನ ಮಾಳಿಗೆ ಮಣ್ಣು ನಿನ್ನ ಹೊಟ್ಟೆ ಮ್ಯಾಲೈತೆ ಕಣೆ ಶಿವಮ್ಮಾ."

ದೊಡ್ಡಮ್ಮ ಬಟ್ಟೆ ಸರಿಸಿ ಎದ್ದು ಕೂತರು. "ಒಳ್ಳೇದಾಯ್ತು ಬುಡಿ. ಇನ್ನೀ ವರ್ಷ ನನ್ನ ಹೊಟ್ಟೆ ಸೋರಾಕಿಲ್ಲ."

ಆಮೇಲೆ ಅವರ ನಗು ನಿಂತಿತು. ಮೇಷ್ಟ್ರ ಕಡೆ ತಿರುಗಿದರು. "ಮೇಷ್ಟ್ರೇ, ಗುಳ್ಳೆ ಬಂದಾಗ ವಿಷ ಈಚೆಗೆ ಬತ್ತೈತೆ ಅಂದ್ರಿ. ಅದು ಬರೀ ಚೌಳು ಕಡಿತ ಅಂತ ಈಗ ಗೊತ್ತಾಯ್ತು. ಸಕ್ಕರೆ ಈಚೆಗೆ ಹೋಯ್ತೈತೆ ಅಂದ್ರಲ್ಲ, ಅದೂ ಹಿಂಗೇನಾ?"

ಮೇಷ್ಟ್ರು ಬಾಂಡ್ಲಿಯಿಂದ ಒಂದು ಚಿಟಿಕೆ ಮಣ್ಣು ತೆಗೆದು ನಾಲಗೆಗೆ ಇಟ್ಟು ನೋಡಿದರು, ಉಗುಳಿದರು. ತುಂಬ ಹೊತ್ತು ಕೈ ಒರೆಸಿಕೊಂಡರು. "ಗೊತ್ತಿಲ್ಲ ತಾಯೀ" ಎಂದರು.

ನಾನು ಅವರ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ಪ್ರಕೃತಿ ಚಿಕಿತ್ಸೆಯಲ್ಲಿ ನಾನು ಕಂಡ ದೊಡ್ಡ ಔಷಧವೆಂದರೆ ಆ ಒಂದು ಮಾತು.

"ಗಿರಿಜಾ, ಬಾಟ್ಲಿ ತಗಂಬಾ" ಎಂದರು ದೊಡ್ಡಮ್ಮ.

ನಾನು ಬಾಟಲಿ ತಂದೆ, ಆದರೆ ಅಲ್ಲೇ ನುಂಗಿಸಲಿಲ್ಲ. ಇಷ್ಟು ದಿನ ಬಿಟ್ಟದ್ದನ್ನು ಮತ್ತೆ ಹೇಗೆ ಶುರು ಮಾಡಬೇಕೆಂದು ಹೇಳಬೇಕಾದವರು ಬೇರೆ. ಮಳೆಯಲ್ಲೇ ಜಟಕಾ ಹತ್ತಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಗಾಯ ತೊಳೆದು ಮುಲಾಮು ಹಚ್ಚಿ, ಸಕ್ಕರೆ ನೋಡಿ, ನಮ್ಮನ್ನೆಲ್ಲ ಚೆನ್ನಾಗಿ ಬೈದರು. ಬೈಸಿಕೊಂಡೆ. ಆದರೆ "ಈ ಮಣ್ಣು, ನೀರು, ಗಾಳಿ ಎಲ್ಲಾ ಬರೀ ಬೂಟಾಟಿಕೆ" ಎಂದಾಗ ನನಗೆ ತಡೆಯಲಾಗಲಿಲ್ಲ.

"ಸಾರ್, ದಿನಾ ನಡೀರಿ ಅಂತ ನಮ್ಮ ದೊಡ್ಡಮ್ಮಂಗೆ ನೀವು ಯಾವತ್ತಾದ್ರೂ ಹೇಳಿದ್ರಾ? ಏನು ಊಟ ಮಾಡ್ತೀರಿ ಅಂತ ಕೇಳಿದ್ರಾ? ಆ ಮೇಷ್ಟ್ರು ಕೇಳಿದ್ರು. ಅದಕ್ಕೇ ಇವರು ಅವರ ಮಾತಿಗೆ ಮಾತ್ರೆ ಬಿಟ್ಟಿದ್ದು."

ದೊಡ್ಡಪ್ಪ ನನ್ನ ಸೆರಗು ಜಗ್ಗಿದರು. ಹೊರಗೆ ಜನ ಕಾಯುತ್ತಿದ್ದರು. ಡಾಕ್ಟರು ಚೀಟಿಯಿಂದ ಕಣ್ಣೆತ್ತಿ, ಮೊದಲ ಸಲ ದೊಡ್ಡಮ್ಮನ ಮುಖ ನೋಡಿ, "ಏನಮ್ಮ ಊಟ ಮಾಡ್ತೀರಿ?" ಎಂದರು. ದೊಡ್ಡಮ್ಮ ಹೇಳತೊಡಗಿದರು. ಹೊರಗಿನವರು ಕಾದರು. ಕೊನೆಗೆ ಅವರೇ ಹೇಳಿದರು: ನಡೆಯಿರಿ, ಅನ್ನ ಕಡಿಮೆ ಮಾಡಿ, ಒಳ್ಳೆಯದೇ. ಆದರೆ ಊಟ ಇಳಿಸುವ ಮುಂಚೆ ನನಗೆ ತಿಳಿಸಿ, ಊಟ ಇಳಿಸಿ ಮಾತ್ರೆ ಅಷ್ಟೇ ನುಂಗಿದರೆ ಸಕ್ಕರೆ ತೀರಾ ಇಳಿದು ತಲೆ ತಿರುಗಿ ಬೀಳುತ್ತೀರಿ. ಈ ಮಾತು ನನ್ನ ಪುಸ್ತಿಕೆಯಲ್ಲಿ ಇರಲಿಲ್ಲ. ಇರಬೇಕಿತ್ತು.

ದೊಡ್ಡಮ್ಮನ ನಳಿಗೆ ಮೆಲ್ಲಮೆಲ್ಲಗೆ ಕೆಂಪಿನಿಂದ ಹಳದಿಗೆ, ಹಳದಿಯಿಂದ ಹಸಿರಿಗೆ ಇಳಿಯಿತು. ಈಗಲೂ ಅವರು ಮಾತ್ರೆ ನುಂಗಿ ಮುಖ ಗಂಟು ಹಾಕಿಕೊಂಡೇ ಬೆಳಗ್ಗೆ ನಡೆಯಲು ಹೋಗುತ್ತಾರೆ. ಆಮೇಲೆ ಅವರು ಬೇಡವೆಂದದ್ದು ಮಣ್ಣೊಂದನ್ನೇ. ಮೇಷ್ಟ್ರು ಸ್ವಲ್ಪ ಕಾಲ ನನ್ನ ಜೊತೆ ಮಾತು ಬಿಟ್ಟಿದ್ದರು. ಈಗ ಚಪ್ಪರಕ್ಕೆ ಯಾರು ಬಂದರೂ ಮೊದಲು "ಮಾತ್ರೆ ಏನಾದ್ರೂ ತಗತೀರಾ?" ಎಂದು ಕೇಳುತ್ತಾರೆ. ತೆಗೆದುಕೊಳ್ಳುತ್ತೇನೆ ಎಂದವರಿಗೆ ಅದನ್ನು ಬಿಡಬೇಡಿ ಎನ್ನುತ್ತಾರೆ. ಕೆರೆ ಮಣ್ಣಿನ ಜಂಬ ಹೋಗಿಲ್ಲ. ವಿಷ ಈಚೆಗೆ ಬತ್ತೈತೆ ಎನ್ನುವುದನ್ನೂ ಪೂರ್ತಿ ಬಿಟ್ಟಿಲ್ಲ. ಆದರೆ ಹಾಗೆಂದಾಗಲೆಲ್ಲ ಒಮ್ಮೆ ತಲೆಯೆತ್ತಿ ಚಪ್ಪರ ನೋಡುತ್ತಾರೆ.

ನಾನೂ ಬಿಟ್ಟಿಲ್ಲ. ಜ್ವರಕ್ಕೆ ಹಣೆಗೆ ಒದ್ದೆಪಟ್ಟಿ ಹಾಕುತ್ತೇನೆ, ಜ್ವರ ಇಳಿಯದಿದ್ದರೆ ಆಸ್ಪತ್ರೆಗೆ ಹೋಗುತ್ತೇನೆ. ಪ್ರಕೃತಿಯವರು ನನ್ನನ್ನು ಅರೆಬರೆ ಎನ್ನುತ್ತಾರೆ, ಮಾತ್ರೆಯವರು ಹುಚ್ಚಿ ಎನ್ನುತ್ತಾರೆ. ಅನ್ನಲಿ. ಮಣ್ಣಿನಿಂದ ಬಂದದ್ದೆಲ್ಲ ಸೌಮ್ಯ ಎನ್ನುವವರಿಗೆ ಒಂದು ಗೋಣಿ ಚೌಳು ಕಳಿಸಿಕೊಡುತ್ತೇನೆ, ಹೊಟ್ಟೆಗೆ ಕಟ್ಟಿಕೊಳ್ಳಲಿ. ಎಲ್ಲವೂ ಬೂಟಾಟಿಕೆ ಎನ್ನುವವರು ಒಂದು ದಿನವಾದರೂ ಚಾಪೆ ಹಾಕಿಕೊಂಡು ರೋಗಿಯ ಕಥೆ ಪೂರಾ ಕೇಳಲಿ. ನನ್ನನ್ನು ಕೇಳಿದರೆ ನಮ್ಮ ಮನೆಯಲ್ಲಿ ಪಕ್ಷಪಾತವಿಲ್ಲದೆ ಸಾಕ್ಷಿ ಹೇಳಿದ್ದು ಆ ಮಾಳಿಗೆಯೊಂದೇ. ಅದಕ್ಕೆ ಕಲ್ಯಾಣದುರ್ಗದ ಮೇಲೆ ಅಭಿಮಾನವಿರಲಿಲ್ಲ, ಮೇಷ್ಟ್ರ ಮೇಲೆ ಗೌರವವಿರಲಿಲ್ಲ. ಯಾವ ಮಣ್ಣು ಹಾಕಿದರೆ ನೀರು ನಿಲ್ಲುತ್ತದೆ, ಯಾವುದು ಹಾಕಿದರೆ ಇಳಿಯುತ್ತದೆ, ಅಷ್ಟನ್ನೇ ಅದು ಹೇಳಿತು.

ಇನ್ನು ನೀವು ಬರೆಯಿರಿ. ನಿಮ್ಮ ಮನೆಯಲ್ಲೂ ಯಾರೋ ಮಣ್ಣು ಹಾಕಿರುತ್ತಾರೆ, ಉಪವಾಸ ಕೂರಿಸಿರುತ್ತಾರೆ, ಎಲೆ ಅರೆದು ಕುಡಿಸಿರುತ್ತಾರೆ. ವಾಸಿಯಾದ ಕಥೆಗಳು ತಾವಾಗಿಯೇ ಊರು ಸುತ್ತುತ್ತವೆ, ಅವುಗಳ ಜೊತೆಗೆ ವಾಸಿಯಾಗದ ಕಥೆಗಳನ್ನೂ ಬರೆಯಿರಿ. ಮಾತ್ರೆ ಬಿಡು ಎಂದವರು ನಿಮ್ಮ ಮನೆಗೂ ಬಂದಿದ್ದರೆ, ಯಾವ ಬಣ್ಣ ಬಂದರೆ ಸೋತೆ ಎನ್ನುತ್ತೀರಿ ಎಂದು ಅವರನ್ನು ಕೇಳಿ, ಅವರು ಕೊಟ್ಟ ಉತ್ತರವನ್ನು ಇದ್ದದ್ದು ಇದ್ದಂತೆ ಬರೆದು ಕಳಿಸಿ. ಅವರು ಸುಮ್ಮನೆ ಕೈ ಒರೆಸಿಕೊಂಡರೆ ಅದನ್ನೂ ಬರೆಯಿರಿ.